ಬಯಲಾಟದ ನೇರಪ್ರಸಾರ: ಚಿತ್ರ ತಡವರಿಸುವುದು ನಿಂತದ್ದು ಹೀಗೆ

ನಮ್ಮೂರ ಯಕ್ಷಗಾನವನ್ನು ದುಬೈಯಲ್ಲಿರುವ ನೆಂಟರೂ ನೋಡಲಿ ಎಂದು ಯೂಟ್ಯೂಬ್‌ನಲ್ಲಿ ನೇರಪ್ರಸಾರಕ್ಕೆ ಇಳಿದೆ. ಪೂರ್ವರಂಗ ಚೆನ್ನಾಗಿಯೇ ಹೋಯಿತು. ಹನ್ನೊಂದರ ಹೊತ್ತಿಗೆ, ವೇಷಧಾರಿ ಧಿಗಿಣ ಹಾಕುವಾಗಲೇ ಚಿತ್ರ ತಡವರಿಸತೊಡಗಿತು. ಇಂಟರ್ನೆಟ್ಟಿನದೇ ತಪ್ಪೆಂದುಕೊಂಡೆ. ಆದರೆ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇತ್ತು, ನಾನು ಕಳಿಸುತ್ತಿದ್ದದ್ದು 4.5.

ನೇರಪ್ರಸಾರಕ್ಕೆ ಬಳಸುತ್ತಿದ್ದ ಒಬಿಎಸ್ ಎಂಬ ತಂತ್ರಾಂಶದ ಅಂಕಿಅಂಶಗಳ ಕಿಟಕಿ ತೆರೆದಾಗ ಗುಟ್ಟು ಸಿಕ್ಕಿತು. ನೆಟ್‌ವರ್ಕ್‌ನಲ್ಲಿ ಕಳೆದುಹೋದ ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಸೊನ್ನೆ. ಎನ್‌ಕೋಡಿಂಗ್‌ನಲ್ಲಿ, ಅಂದರೆ ಕಳಿಸುವ ಮುನ್ನ ಚಿತ್ರವನ್ನು ಸಂಕುಚಿಸುವಾಗ, ಬಿಟ್ಟುಹೋದವು ಏರುತ್ತಲೇ ಇದ್ದವು. ಎಕ್ಸ್264 ಎಂಬ ಎನ್‌ಕೋಡರ್ ಇಡೀ ಭಾರವನ್ನು ಪ್ರೊಸೆಸರ್ ಮೇಲೆ ಹೇರಿತ್ತು, ಲ್ಯಾಪ್‌ಟಾಪ್ ಕಾದು ವೇಗ ತಗ್ಗಿಸಿಕೊಂಡಿತ್ತು. ಎನ್‌ಕೋಡರನ್ನು ಇಂಟೆಲ್‌ನ ಚಿಪ್ಪಿನಲ್ಲಿ ವಿಡಿಯೊಗೆಂದೇ ಇರುವ ಕ್ವಿಕ್ ಸಿಂಕ್‌ಗೆ ಬದಲಿಸಿ, ಕೀಫ್ರೇಮ್ (ಪೂರ್ತಿ ಚಿತ್ರವಾಗಿ ಕಳಿಸುವ ಫ್ರೇಮ್) ಅಂತರ 2 ಸೆಕೆಂಡಿಗೆ ಇಟ್ಟೆ. ಹೊಸ ಲ್ಯಾಪ್‌ಟಾಪ್ ಬೇಕಾಗಲಿಲ್ಲ!

ಆದರೂ ಜರತಾರಿಯ ಅಂಚು ಮಸುಕಾಗಿಯೇ ಕಾಣುತ್ತಿತ್ತು. ಅದು ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಕ್ಯಾಪ್ಚರ್ ಕಾರ್ಡಿನ ಕೊರತೆ. ಸಂಕುಚಿಸದ 1080ಪಿ, 30 ಫ್ರೇಮ್ ವಿಡಿಯೊಗೆ ಸೆಕೆಂಡಿಗೆ ಸುಮಾರು 1,000 ಮೆಗಾಬಿಟ್ ಬೇಕು, ಯುಎಸ್‌ಬಿ 2.0 ದಾರಿಯ ಮಿತಿಯೇ 480. ಹಾಗಾಗಿ ಅಗ್ಗದ ಕಾರ್ಡು ಚಿತ್ರವನ್ನು ಮೊದಲೇ ಹಿಂಡಿ ಕಳಿಸುತ್ತದೆ. ಯುಎಸ್‌ಬಿ 3.0 ಕಾರ್ಡು ಕೊಂಡೆ. ಅದನ್ನು ಲ್ಯಾಪ್‌ಟಾಪಿನ 3.0 ಕಿಂಡಿಗೇ ಚುಚ್ಚಬೇಕು, ಇಲ್ಲದಿದ್ದರೆ ದುಡ್ಡು ದಂಡ.

ಕ್ಯಾಮೆರಾ ಕೊಳ್ಳುವವರು ಎಚ್‌ಡಿಎಂಐಯಲ್ಲಿ ಕ್ಯಾಮೆರಾ ಪರದೆಯ ಅಕ್ಷರಗಳಿಲ್ಲದ ಶುದ್ಧ ಚಿತ್ರ ಬರುತ್ತದೆಯೇ, ಗೋಡೆಯ ವಿದ್ಯುತ್ತಿನಿಂದ ನಡೆಯುತ್ತದೆಯೇ ಎಂದು ಮೊದಲು ನೋಡಿ. ಬೆಳಗಿನವರೆಗೆ ಬ್ಯಾಟರಿ ಬಾರದು. ಧ್ವನಿಯನ್ನಂತೂ ಮಿಕ್ಸರ್‌ನಿಂದಲೇ ತೆಗೆದುಕೊಳ್ಳಿ. ಕ್ಯಾಮೆರಾದ ಮೈಕಿನಲ್ಲಿ ಚೆಂಡೆ ಭಾಗವತರ ಪದವನ್ನೇ ನುಂಗಿಬಿಡುತ್ತದೆ. ಮುಂದಿನ ಆಟದಲ್ಲಿ ಮಂಗಳದವರೆಗೂ ಬಿಟ್ಟುಹೋದ ಫ್ರೇಮ್ ಒಂದೂ ಇರಲಿಲ್ಲ.