ಸೀಬಾಸ್ ಮರಿಯ ಮೊದಲ ತುತ್ತು

ಉಡುಪಿ ಮತ್ತು ಉತ್ತರ ಕನ್ನಡದ ಅಳಿವೆಗಳಲ್ಲಿ ಪಂಜರ ಕಟ್ಟಿ ಸೀಬಾಸ್ ಮೀನು ಸಾಕುವವರ ಕೈಗೆ ಬರುವುದು ಬೆರಳುದ್ದದ ಬಿತ್ತನೆ ಮರಿ. ಅಷ್ಟು ಬೆಳೆಯುವ ಮೊದಲೇ ಅದರ ಒಡಹುಟ್ಟಿದವುಗಳಲ್ಲಿ ಬಹುಪಾಲು ಹ್ಯಾಚರಿಯ, ಅಂದರೆ ಮರಿ ಮಾಡಿಸುವ ಕೇಂದ್ರದ, ತೊಟ್ಟಿಯಲ್ಲೇ ಸತ್ತಿರುತ್ತವೆ. ಚೌಳುನೀರಿನ ಮೀನು ಸಾಕಣೆಯ ಸಂಶೋಧನೆ ನಡೆಸುವ ಚೆನ್ನೈನ ಸಿಬಾ ಸಂಸ್ಥೆ 1997ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಈ ಮೀನಿನ ಮರಿ ಮಾಡಿಸಿದ ಮೇಲೂ, ಹ್ಯಾಚರಿ ನಡೆಸುವವರಿಗೆ ಮೊದಲ ಹತ್ತು ದಿನ ಅಗ್ನಿಪರೀಕ್ಷೆಯಾಗಿಯೇ ಉಳಿದಿದೆ.

ಕೆಲಸ ಆರಂಭವಾಗಬೇಕಾದದ್ದು ತತ್ತಿ ಬರುವುದಕ್ಕೂ ಮುನ್ನ. ಮರಿಯ ಮೊದಲ ಆಹಾರವಾದ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೂ ಅದಕ್ಕೆ ಮೇವಾಗುವ ಹಸಿರು ಪಾಚಿಯನ್ನೂ ಬೇರೆ ತೊಟ್ಟಿಗಳಲ್ಲಿ ಬೆಳೆಸಿಟ್ಟಿರಬೇಕು. ತತ್ತಿ ಒಡೆದ ಮೇಲೆ ರೋಟಿಫರ್‌ಗಾಗಿ ಅಲೆಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ತತ್ತಿಗಳು ಬಂದಾಗ ತೊಟ್ಟಿಯ ನೀರಿಗೆ ಗಾಳಿ ಬಿಡುವುದನ್ನು ಕೆಲವು ನಿಮಿಷ ನಿಲ್ಲಿಸಿ, ತೇಲುವ ಒಳ್ಳೆಯ ತತ್ತಿಗಳನ್ನಷ್ಟೇ ಉಳಿಸಿಕೊಂಡು, ತಳಕ್ಕಿಳಿದವನ್ನು ಕೊಳವೆಯಿಂದ ಹೀರಿ ತೆಗೆಯಬೇಕು. ಉಪ್ಪಿನಂಶ 28ರಿಂದ 30 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ ಅಷ್ಟು ಭಾಗ ಉಪ್ಪು), ಉಷ್ಣತೆ 27–28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 16ರಿಂದ 18 ಗಂಟೆಗಳಲ್ಲಿ ಮರಿ ಹೊರಬರುತ್ತದೆ. ಲೀಟರಿಗೆ 30–40 ಮರಿಗಳಿದ್ದರೆ ಸಾಕು.

ಆಗ ಮರಿಯ ಉದ್ದ ಒಂದೂವರೆ ಮಿಲಿಮೀಟರ್ ಮಾತ್ರ. ಹೊಟ್ಟೆಗಂಟಿದ ಹಳದಿ ಕೋಶವೇ ಅದರ ಬುತ್ತಿ. ಎರಡು ದಿನ ಕಳೆಯುವಷ್ಟರಲ್ಲಿ ಬುತ್ತಿ ಕರಗುತ್ತದೆ, ಬಾಯಿ ತೆರೆಯುತ್ತದೆ. ಬೀಕರಿನಲ್ಲಿ ನಾಲ್ಕು ಮರಿ ತೆಗೆದು ಬೆಳಕಿಗೆ ಹಿಡಿದು ನೋಡಿ: ಕಣ್ಣು ಕಪ್ಪಾಗಿದ್ದರೆ ಅದಕ್ಕೆ ಬೇಟೆ ಕಾಣುತ್ತದೆ ಎಂದರ್ಥ. ಆ ಹೊತ್ತಿಗೆ ನೀರಿನಲ್ಲಿ ಪ್ರತಿ ಮಿಲಿಲೀಟರಿಗೆ 10ರಿಂದ 20 ರೋಟಿಫರ್ ಇರಲೇಬೇಕು, ಏಕೆಂದರೆ ಹಸಿವಿನಿಂದ ಒಮ್ಮೆ ಬಳಲಿದ ಮರಿ ಮುಂದೆ ಆಹಾರ ಸಿಕ್ಕರೂ ತಿನ್ನಲಾರದೆ ಸಾಯುತ್ತದೆ. ದಿನಕ್ಕೆರಡು ಬಾರಿ ಸೂಕ್ಷ್ಮದರ್ಶಕದಲ್ಲಿ ರೋಟಿಫರ್ ಎಣಿಸುವುದಕ್ಕಿಂತ ದೊಡ್ಡ ಔಷಧಿ ಈ ಹಂತದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ತೊಟ್ಟಿಯ ನೀರಿಗೂ ಪಾಚಿ ಬೆರೆಸಿ ತಿಳಿಹಸಿರಾಗಿ ಇಟ್ಟರೆ ರೋಟಿಫರ್‌ಗಳು ಸೊರಗುವುದಿಲ್ಲ.

ಹೊಸಬರು ಮರೆಯುವ ಸಂಗತಿಯೊಂದಿದೆ. ಈ ಮೊದಲ ದಿನಗಳಲ್ಲೇ ಮರಿ ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸಿ, ತೇಲಲು ನೆರವಾಗುವ ತನ್ನ ಈಜುಚೀಲವನ್ನು ತುಂಬಿಕೊಳ್ಳುತ್ತದೆ. ಆಹಾರದ ಜಿಡ್ಡು ಪೊರೆಯಂತೆ ಹರಡಿದ್ದರೆ ಆ ಗುಟುಕು ತಪ್ಪುತ್ತದೆ, ಅಂಥ ಮರಿ ಬದುಕಿದರೂ ಬೆನ್ನು ಬಾಗಿಸಿಕೊಂಡು ಈಜುತ್ತದೆ. ಆದ್ದರಿಂದ ಜಿಡ್ಡನ್ನು ಆಗಾಗ ತೆಗೆಯಿರಿ, ಗಾಳಿಯನ್ನು ಮೆಲ್ಲಗೆ ಬಿಡಿ.

ಸುಮಾರು ಹತ್ತನೆಯ ದಿನದಿಂದ ಆರ್ಟಿಮಿಯಾ ಎಂಬ ಸಿಗಡಿಯಂಥ ಪುಟ್ಟ ಜೀವಿಯ ಮರಿಗಳನ್ನು ಸೇರಿಸುತ್ತ ಬಂದು ರೋಟಿಫರ್ ಅನ್ನು ಕ್ರಮೇಣ ನಿಲ್ಲಿಸಬಹುದು. ಆರ್ಟಿಮಿಯಾದಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ, ಅದನ್ನು ಮೀನೆಣ್ಣೆಯ ಎಮಲ್ಷನ್‌ನಲ್ಲಿ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಎಣ್ಣೆಯಲ್ಲಿ) ಕೆಲವು ಗಂಟೆ ಬಿಟ್ಟು, ಚೆನ್ನಾಗಿ ತೊಳೆದು ಕೊಡಬೇಕು.

ಮೂರನೆಯ ವಾರದಿಂದ ದೊಡ್ಡ ಮರಿ ಚಿಕ್ಕದನ್ನು ನುಂಗತೊಡಗುತ್ತದೆ. ಮೂರು-ನಾಲ್ಕು ದಿನಗಳಿಗೊಮ್ಮೆ, ಬೆಳಗಿನ ತಂಪಿನಲ್ಲಿ, ತೂತಿನ ಬುಟ್ಟಿಯಲ್ಲಿ ಸೋಸಿ ಗಾತ್ರವಾರು ಬೇರ್ಪಡಿಸಿ. ಮರಿಗಳು ನೀರಿನಿಂದ ಮೇಲೇಳದಂತೆ ಬುಟ್ಟಿಯನ್ನು ತೊಟ್ಟಿಯಲ್ಲೇ ತೇಲಿಸಿಟ್ಟುಕೊಳ್ಳಿ.