ಪಾಂಡವಪುರದಲ್ಲಿ ಆನ್ ಮಾಡಿದರೆ ಶ್ರೀರಂಗಪಟ್ಟಣದಲ್ಲಿ ಏಳುತ್ತಿದ್ದ ಲ್ಯಾಪ್‌ಟಾಪ್

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ ಮೇಷ್ಟ್ರು. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲಾ ದಾರಿಯಲ್ಲೇ ತಯಾರಾಗಬೇಕು. ನನ್ನ ಲ್ಯಾಪ್‌ಟಾಪ್ 2010ರದು. ಮೊದಲ ತಲೆಮಾರಿನ ಐ3 ಪ್ರೊಸೆಸರ್, 500 ಜಿಬಿ ಹಾರ್ಡ್ ಡಿಸ್ಕ್. ಪಾಂಡವಪುರದಲ್ಲಿ ಆನ್ ಮಾಡಿದರೆ ಶ್ರೀರಂಗಪಟ್ಟಣ ಬರುವಾಗ ವರ್ಡ್ ತೆರೆಯುತ್ತಿತ್ತು. ನಾಲ್ಕು ಪ್ರಶ್ನೆ ಟೈಪ್ ಮಾಡುವಷ್ಟರಲ್ಲಿ ಮೈಸೂರು.

ಅರಸು ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಸರ್, ಹೊಸ 1 ಟಿಬಿ ಹಾರ್ಡ್ ಡಿಸ್ಕ್ ಹಾಕಿಸ್ಬಿಡಿ. ಅದೇ ದುಡ್ಡಿಗೆ ಎಸ್‌ಎಸ್‌ಡಿ ತಗೊಂಡ್ರೆ ಅಷ್ಟು ಜಾಗ ಸಿಗಲ್ಲ" ಅಂದರು. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಪೆನ್‌ಡ್ರೈವ್‌ನಂತೆ ಚಿಪ್‌ಗಳಲ್ಲೇ ಫೈಲು ಇಡುವ ಡ್ರೈವ್. ನಾನೂ ಒಪ್ಪಿಬಿಡುತ್ತಿದ್ದೆ. ಅವತ್ತು ರಾತ್ರಿ ಮನೆಯಲ್ಲಿ ಸುಮ್ನೆ ಲೆಕ್ಕ ಹಾಕಿದೆ. ಹದಿನೈದು ವರ್ಷದಲ್ಲಿ ನಾನು ತುಂಬಿಸಿದ್ದು 131 ಜಿಬಿ. ಅದರಲ್ಲಿ 80 ಜಿಬಿ ಮನೆಯವರ ಫೋಟೋಗಳು. ದಿನಾ ಮುಟ್ಟುವ ಫೈಲುಗಳು 10 ಜಿಬಿ ಕೂಡ ಇಲ್ಲ. ನನಗೆ ಕೊರತೆ ಇದ್ದದ್ದು ಜಾಗಕ್ಕಲ್ಲ, ಹೊತ್ತಿಗೆ.

ಹಾರ್ಡ್ ಡಿಸ್ಕ್ ಯಾಕೆ ನಿಧಾನ ಅನ್ನೋದು ತಿಳಿದರೆ ಆಯ್ಕೆ ಸುಲಭ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಆ ಜಾಗ ತಿರುಗಿ ಅದರ ಕೆಳಗೆ ಬರಬೇಕು. ಹೀಗಾಗಿ ಚೆದುರಿದ ಒಂದೊಂದು ಚಿಕ್ಕ ಫೈಲಿಗೂ 15ರಿಂದ 20 ಮಿಲಿಸೆಕೆಂಡ್ ಹೋಗುತ್ತದೆ. ವಿಂಡೋಸ್ ಏಳುವಾಗ ಇಂಥ ಸಾವಿರಾರು ಫೈಲು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಅದೇ ಕೆಲಸಕ್ಕೆ 0.1 ಮಿಲಿಸೆಕೆಂಡ್ ಸಾಕು. ಇನ್ನೊಂದು ಮಾತು. ಓಡುವ ರೈಲಿನಲ್ಲಿ, ತೊಡೆಯ ಮೇಲೆ, ತಿರುಗುತ್ತಿರುವ ಡಿಸ್ಕಿಗೆ ಬೀಳುವ ಅಲುಗಾಟ ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

240 ಜಿಬಿಯ ಎಸ್‌ಎಸ್‌ಡಿ ತಂದೆ. ಆದರೆ ಮೊದಲ ಸಲ ತಪ್ಪಿದೆ. ತಂದದ್ದು ಎಂ.2, ಚೂಯಿಂಗ್ ಗಮ್ ಪಟ್ಟಿಯಂಥದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಕೂರಿಸುವ ಜಾಗವೇ ಇಲ್ಲ. ಹಳೆಯದಕ್ಕೆ ಬೇಕಾದದ್ದು ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ, ಸಾಟಾ ಎಂಬ ಜೋಡಣೆಯ 2.5 ಇಂಚಿನ ಎಸ್‌ಎಸ್‌ಡಿ. ದಯವಿಟ್ಟು ಮೊದಲು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಹಳೇ ಡಿಸ್ಕ್ 9.5 ಮಿ.ಮೀ. ದಪ್ಪ, ಎಸ್‌ಎಸ್‌ಡಿ 7 ಮಿ.ಮೀ. ಅಲುಗಾಡದಂತೆ ಸುತ್ತ ಒಂದು ಪ್ಲಾಸ್ಟಿಕ್ ಚೌಕಟ್ಟು ಇಟ್ಟೆ. ನನ್ನದರಲ್ಲಿರುವುದು ಆ ಜೋಡಣೆಯ ಹಳೆಯ, ನಿಧಾನದ ಆವೃತ್ತಿ ಸಾಟಾ 2, ಹಾಗಾಗಿ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಆದರೂ ಲಾಭ ಬರುವುದು ಆ 20 ಮಿಲಿಸೆಕೆಂಡ್ ಉಳಿಯುವುದರಿಂದ. ಅದು ಪೂರ್ತಿ ಸಿಗುತ್ತದೆ.

ಹಳೇ ಡಿಸ್ಕನ್ನು ಹಾಗೇ ನಕಲು ಮಾಡಲಿಲ್ಲ. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಕಲಿತ ಕೀಲಿಮಣೆ ವಿನ್ಯಾಸವೇ ಅಲ್ಲೂ ಇದೆ. ನುಡಿಯ ಹಳೇ ಫೈಲುಗಳನ್ನು ಎಲ್ಲಾ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ಬದಲಾಯಿಸುವುದಕ್ಕೆ ಎರಡು ಭಾನುವಾರ ಹೋಯಿತು, ಆ ಕೆಲಸ ಹೇಗೂ ಎಂದೋ ಆಗಬೇಕಿತ್ತು. ಈಗ ಅರ್ಧ ನಿಮಿಷದಲ್ಲಿ ಲ್ಯಾಪ್‌ಟಾಪ್ ಎದ್ದಿರುತ್ತದೆ.

ಬಿಚ್ಚಿದ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಒಂದು ಯುಎಸ್‌ಬಿ ಕೇಸಿಗೆ ಹಾಕಿ ಫೋಟೋಗಳಿಗೆ ಇಟ್ಟುಕೊಂಡೆ. ಬಿಚ್ಚುವ ಮೊದಲೇ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದು ಕೆಟ್ಟ ಸೆಕ್ಟರ್, ಅಂದರೆ ಓದಲಾಗದ ಜಾಗ, ಇದೆಯಾ ಅಂತ ನೋಡಿದ್ದೆ, ಇರಲಿಲ್ಲ. ಎಸ್‌ಎಸ್‌ಡಿ ಕೈಕೊಟ್ಟರೆ ಎಷ್ಟೋ ಸಲ ಮುನ್ಸೂಚನೆಯೇ ಇರುವುದಿಲ್ಲ. ಅದರಲ್ಲಿ ಅಳಿಸಿದ ಫೈಲು ವಾಪಸ್ ಸಿಗುವುದೂ ಕಷ್ಟ. ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಟಕ್ ಟಕ್ ಅಂತಲೋ, ನಿಧಾನವಾಗಿಯೋ ಮೊದಲೇ ಹೇಳುತ್ತದೆ. ಆದರೂ ಹದಿನೈದು ವರ್ಷದ ಡಿಸ್ಕನ್ನು ಒಂದೇ ನಂಬಿ ಮಗಳ ನಾಮಕರಣದ ಫೋಟೋ ಇಡಲು ನನಗೆ ಧೈರ್ಯ ಇಲ್ಲ. ಇನ್ನೊಂದು ಪ್ರತಿ ತಮ್ಮನ ಮನೆಯಲ್ಲಿದೆ.

ಮೊನ್ನೆ ನಮ್ಮ ಶಾಲೆಯ ನೃತ್ಯದ ಮೇಡಂ ಇದನ್ನೇ ಕೇಳಿದರು. "ಮೇಡಂ, ಮೊದಲು ಎಷ್ಟು ತುಂಬಿದೆ ನೋಡಿ ಹೇಳಿ" ಅಂದೆ. 420 ಜಿಬಿ, ಹೆಚ್ಚಿನದು ಕಾರ್ಯಕ್ರಮದ ವಿಡಿಯೋಗಳು, ಎಲ್ಲವೂ ಜೊತೆಯಲ್ಲೇ ಇರಬೇಕು. ಅವರಿಗೆ ನನ್ನ ದಾರಿ ಹೊಂದುವುದಿಲ್ಲ ಅಲ್ವಾ? ಅವರ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇದೆ, ಯಾರೂ ಬಳಸುವುದಿಲ್ಲ. ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೇ ಡಿಸ್ಕ್, ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಅಂತ ಮಾತಾಯಿತು. ಕ್ಯಾಡಿ 9.5 ಮತ್ತು 12.7 ಮಿ.ಮೀ. ಎರಡು ದಪ್ಪದಲ್ಲಿ ಬರುತ್ತದೆ. ಅಳತೆ ನೋಡುವುದಕ್ಕೆ ಶನಿವಾರ ಅವರ ಲ್ಯಾಪ್‌ಟಾಪ್ ಬಿಚ್ಚುತ್ತೇವೆ.