ರಸೀದಿ ಪುಸ್ತಕದಿಂದ ಹಳೆ ವಿದ್ಯಾರ್ಥಿ ಸಂಘದ ಚರಿತ್ರೆ: ನನ್ನ ಅನುಭವ

ನಮ್ಮ ಯೂನಿವರ್ಸಿಟಿ ಹಳೆ ವಿದ್ಯಾರ್ಥಿ ಸಂಘದ ಚರಿತ್ರೆ ಕೊನೆಗೂ ಪುಸ್ತಕವಾಗಿ ಬಂತು. ರಸೀದಿ ಪುಸ್ತಕ ಇಟ್ಕೊಂಡು ಯಾರಾದ್ರೂ ಚರಿತ್ರೆ ಬರೀತಾರಾ ಅಂತ ಕಮಿಟಿಯಲ್ಲಿ ಅಂದವರೇ ಈಗ ಪ್ರತಿ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ನಡಾವಳಿ ಪುಸ್ತಕದಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತಲ್ಲ, "ಚರ್ಚಿಸಿ ಅಂಗೀಕರಿಸಲಾಯಿತು", ಜಗಳಾನೂ ಇರಲ್ಲ ದುಡ್ಡು ಎಲ್ಲಿಂದ ಬಂತು ಅಂತಾನೂ ಇರಲ್ಲ. ಹಿರಿಯರನ್ನ ಕೂರಿಸಿ ರೆಕಾರ್ಡ್ ಮಾಡಿದ್ವಿ, ಸ್ಥಾಪನೆ ವರ್ಷಾನೇ ಮೂರು ಥರ ಬಂತು. ಬಜೆಟ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಸ್ಕ್ಯಾನಿಂಗ್‌ನವರು ತಗೊಂಡ್ರು, ಕೊಟ್ಟಿದ್ದು 150 ಡಿಪಿಐ (ಒಂದಿಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ, ಕಮ್ಮಿ ಇದ್ರೆ ಮಸುಕು), ಹೊಲಿಗೆ ಪಕ್ಕದ ಅಕ್ಷರ ಎಲ್ಲ ನೆರಳಲ್ಲಿ ಮುಳುಗಿತ್ತು. ಮತ್ತೆ ನಾವೇ ಕೂತು ಮಾಡಿದ್ವಿ, ಬರಹಕ್ಕೆ 300, ಫೋಟೋಗೆ 600, ಖರ್ಚು ಅದರ ಕಾಲುಭಾಗಾನೂ ಆಗ್ಲಿಲ್ಲ.

ಕೆಲಸ ಆಗಿದ್ದು ಕೌಂಟರ್‌ಫಾಯಿಲ್‌ನಿಂದ, ಅಂದ್ರೆ ರಸೀದಿ ಹರಿದು ಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯೋ ತುಂಡಿನಿಂದ. ಸಂಘ ಸುಮಾರು ಐದಾರು ವರ್ಷ ಮಲಗಿಬಿಟ್ಟಿತ್ತು ಅಂತ ಎಲ್ರೂ ಹೇಳ್ತಿದ್ರು, ನಡಾವಳೀನೂ ಇಲ್ಲ. ಆದ್ರೆ ರಸೀದಿ ನಂಬರ್ ನಿಂತೇ ಇಲ್ಲ! ನಡುವೆ ಒಂದು ಕಡೆ ಕೆಲವೇ ವಾರದಲ್ಲಿ ಇನ್ನೂರರ ಹತ್ರ ಆಜೀವ ಸದಸ್ಯತ್ವ, ಹಿಂದುಗಡೆ ಖಜಾಂಚಿ ಪೆನ್ಸಿಲ್ಲಲ್ಲಿ "ಲೈಬ್ರರಿ ಹಾಲ್" ಅಂತ ಬರೆದಿದಾರೆ. ಹಾಲ್ ಕೆಡವೋ ಪ್ಲಾನ್ ಬಂದಿತ್ತು, ಜನ ಮೀಟಿಂಗ್ ಮಾಡದೇನೇ ದುಡ್ಡು ಕೂಡಿಸಿದ್ರು. ಸಂಕಟ ಬಂದಾಗ ಹೀಗೆ ಸೇರೋದು ಹೊಸದೇನಲ್ಲ, ಅಮೆರಿಕದ ವಿಲಿಯಮ್ಸ್ ಕಾಲೇಜಲ್ಲಿ 1821ರಲ್ಲಿ ಅಧ್ಯಕ್ಷರೇ ಒಂದಷ್ಟು ವಿದ್ಯಾರ್ಥಿಗಳ ಜೊತೆ ಆಮ್ಹರ್ಸ್ಟ್‌ನ ಹೊಸ ಕಾಲೇಜಿಗೆ ಹೊರಟುಹೋದಾಗ ಕಾಲೇಜು ಉಳಿಸೋಕೆ ಅಂತಾನೇ ಅಲ್ಲಿನ ಹಳೆ ವಿದ್ಯಾರ್ಥಿ ಸಂಘ ಹುಟ್ಟಿದ್ದು.

ಈ ಮಧ್ಯೆ ಇನ್ನೊಂದು ಟ್ರೈ ಮಾಡಿದೆ. ತಾರೀಖಿಲ್ಲದ ಪತ್ರಗಳನ್ನ ಲೆಟರ್‌ಹೆಡ್‌ನಲ್ಲಿರೋ ಫೋನ್ ನಂಬರ್‌ಗೆ ಎಷ್ಟು ಅಂಕಿ ಇದೆ ಅಂತ ನೋಡಿ ಜೋಡಿಸಿದೆ (ವರ್ಷ ಕಳೆದ ಹಾಗೆ ನಂಬರ್‌ಗೆ ಅಂಕಿ ಹೆಚ್ಚಾಗ್ತಾ ಹೋಗಿದೆಯಲ್ಲ), ಚೆನ್ನಾಗೇ ಬಂತು. ಕಂದು ಬಣ್ಣಕ್ಕೆ ಮಾಸಿದ ಶಾಯಿಗೆ ಸ್ಕ್ಯಾನ್‌ನ ಬ್ಲೂ ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯದು) ಮಾತ್ರ ತೆಗೆದು ನೋಡಿ, ಅಕ್ಷರ ಎದ್ದು ಕಾಣುತ್ತೆ, ಕಾಗದ ತುಂಬ ಹಳದಿ ಆಗಿದ್ರೆ ಮಾತ್ರ ಕೈಕೊಡುತ್ತೆ. ಹಳೇ ಕಾರ್ಯದರ್ಶಿಗಳ ಮನೆಯಿಂದ ಸಂಘದ ಕಾಗದಗಳಿದ್ದ ಟ್ರಂಕ್ ಹೇಗೆ ಹೊರಗೆ ಬರಿಸಿದೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ, ಇನ್ನೂ ಎರಡು ಮನೆ ಬಾಕಿ ಇದೆ.

ಪ್ರಿಂಟಿಂಗ್ ದುಡ್ಡು ಮುಕ್ಕಾಲುಪಾಲು ವಾಪಸ್ ಬಂದಿದೆ. ಕೊನೇಲಿ ರಸೀದಿಯಲ್ಲಿದ್ದ ಹೆಸರೆಲ್ಲ ಅಕಾರಾದಿ ಹಾಕಿದ್ದೆ, ಪುಟ ದಂಡ ಅಂತ ಕಮಿಟಿ ತೆಗಿಸೋಕೆ ಹೊರಟಿತ್ತು, ಬಂದವರು ಮೊದಲು ತೆಗೆದು ನೋಡೋದೇ ಆ ಪುಟ, ಅಪ್ಪನ ಹೆಸರೋ ಅಜ್ಜಿ ಹೆಸರೋ ಸಿಕ್ಕಿದ್ರೆ ಎರಡು ಪ್ರತಿ ತಗೊಂಡೇ ಹೋಗ್ತಾರೆ.